ಥಂಡಿ ಟಾಕಿಯೊಳಗ ಆಕಿ

ರೋಗದ ಜೋಡಿ ಬಡಿದಾಡೋ ಬಿಳಿ ರಕ್ತಕಣ ಎಲ್ಲ ನಾಡಿನ ಮಂದ್ಯಾಗ ಒಂದೇ ನಮೂನಿ ಇರೂದಿಲ್ಲಂತ. ಅದನ್ನ ತಿಳಕೊಳ್ಳಾಕ ಪುಣೆಯ ಲ್ಯಾಬ್ ಒಂದರಾಗ ಹಿಂದ ನನ್ನದೂ ನನ್ನ ಹೆಂಡತಿದೂ ರಕ್ತ ತಗೊಂಡಿದ್ದರು. ಈಗ ಮತ್ತ ಕರೆದರು. ಒಬ್ಬನ ಹೋದೆ.

“ಕಾಕೂ ಬರಲಿಲ್ಲೇನ್ರಿ ಕಾಕಾ?” ಅಂದಳು ಅಲ್ಲಿ ಕೆಲಸಕ್ಕಿದ್ದ ವಿಜಾಪುರದ ಹುಡುಗಿ.

“ತೀರಿಕೊಂಡಳವಾ. ಆಕಿ ಹೆಸರು ತೆಗೆದುಬಿಡು.”

ಹುಡುಗಿ ಮೆಲ್ಲಕ, “ಅವರ ಕಣ ಇನ್ನೂ ಜೀವಂತ ಅದಾವ್ರಿ. ಥಂಡಿಯೊಳಗ ಇಟ್ಟೇವಿ,” ಅಂದು ಒಂದು ಟಾಕಿಯ ಮುಚ್ಚಳ ಎತ್ತಿದಳು. ಬಿಳಿ ಹೊಗಿ ಎದ್ದಿತು. ಬರ್ಫಕ್ಕಿಂತ ಭಾಳ ತಣ್ಣಗ ಅಂತ.

ಟಾಕಿ ಬಾಜೂಕ ಕುಂತೆ. ಆಕಿಗೆ ನನ್ನ ಕೈಯಾರೆ ಬೆಂಕಿ ಕೊಟ್ಟು, ಬೂದಿ ಹೊಳಿಗೆ ಬಿಟ್ಟು ಬಂದಿದ್ದೆ.

“ಹೆಸರು ಇರಲಿ ಬಿಡವಾ,” ಅಂದೆ.

ಮನ್ಯಾಗ ಆಕಿ, ಥಂಡಿ ಆಗತೈತಿ ಅಂತ, ಫ್ಯಾನು ಎರಡಕ್ಕಿಂತ ಜೋರ ಇಡಾಕ ಬಿಡತಿದ್ದಿಲ್ಲ.