ಆ ಹುಡುಗಿಗೆ ಹತ್ತು ಲೆಕ್ಕ

ಅಂಕೋಲಾದಲ್ಲಿ ಶಿಕ್ಷಕರ ತರಬೇತಿಯ ಮೂರನೇ ದಿನ. ಬೇಗ ಕಲಿಯುವ ಮಕ್ಕಳಿಗೆ ಪಾಠವನ್ನು ಹೇಗೆ ಬದಲಿಸಬೇಕೆಂದು ವರ್ಷಗಳಿಂದ ಹೇಳುತ್ತ ಬಂದದ್ದನ್ನೇ ದಣಿದ ದನಿಯಲ್ಲಿ ಮತ್ತೆ ಹೇಳುತ್ತಿದ್ದೆ. ಅಗಸೂರು ಕಡೆಯ ಶಿಕ್ಷಕಿಯೊಬ್ಬರು ಎದ್ದು ನಿಂತರು.

"ಸರ್, ನಮ್ಮ ಶಾಲೆಲಿ ಐದೂ ತರಗತಿಗೆ ನಾನೊಬ್ಳೇ. ಒಂದು ಹುಡ್ಗಿ ಎಲ್ಲರಿಗಿಂತ ಮೊದ್ಲು ಲೆಕ್ಕ ಮುಗಿಸ್ತದೆ. ಸಣ್ಣವ್ರಿಗೆ ಹೇಳಿಕೊಡು ಅಂದೆ. 'ನಂಗೆ ಯಾರು ಕಲಿಸ್ತಾರೆ ಅಕ್ಕೋರೇ?' ಅಂತ ಕೇಳ್ತು."

ನಾನು ಕೈಪಿಡಿ ಮುಚ್ಚಿಟ್ಟೆ. ಆ ಮಧ್ಯಾಹ್ನ ಎಲ್ಲರೂ ಸೇರಿ ಆ ಹುಡುಗಿಯೊಬ್ಬಳಿಗಾಗಿ ಹತ್ತು ಹೊಸ ಲೆಕ್ಕ ಬರೆದೆವು.

ವಾರದೊಳಗೆ ಶಿಕ್ಷಕಿಯ ಫೋನ್ ಬಂತು. "ಎಲ್ಲಾ ಮುಗಿಸಿ ಕೂತದೆ ಸರ್. ಇನ್ನೂ ಬೇಕಂತೆ."

ನಮ್ಮ ಕೋಡಿಬಾಗದಲ್ಲಿ ಬಸ್ಸಿಳಿದು ಆಗಷ್ಟೇ ಮನೆ ಸೇರಿದ್ದೆ. ಬೆನ್ನು ನೋಯುತ್ತಿತ್ತು, ಒಮ್ಮೆ ಮಲಗಿದರೆ ಸಾಕೆನಿಸಿತ್ತು. ಆದರೂ ಬರೆಯಲು ಕೂತೆ.