ಅದು ಪುಸ್ತಕದಲ್ಲಿ ಇದ್ದಾ?

ಯಾವ ನಾಟಕ ಮಾಡುವುದು ಎಂದು ಜನ ನನ್ನನ್ನು ಯಾಕೆ ಕೇಳುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ಬಣ್ಣ ಹಚ್ಚಿದವಳಲ್ಲ, ನಿರ್ದೇಶನ ಮಾಡಿದವಳೂ ಅಲ್ಲ. ಶಿರಸಿಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಹೊಸ ನಾಟಕಗಳನ್ನು ತರಿಸಿ ಓದುವ ಚಟವೊಂದು ಉಳಿದಿದೆ, ಅಷ್ಟೆ. ಆದರೂ ನಂದೊಳ್ಳಿಯಿಂದ ಫೋನು ಬರುತ್ತದೆ: "ಮೇಡಂ, ಹೊಸಾದು ಒಂದು ಹೇಳಿ. ಪಾತ್ರ ಐದರ ಒಳಗೆ ಇರವು, ನಗೆ ಬೇಕು, ಕೊನೆಗೆ ಒಂಚೂರು ಅಳುನೂ ಬರವು." ಮೂಡಣ ಕಡೆಯವರಾದರೆ, "ಸೆಟ್ಟು ಗಿಟ್ಟು ಇಲ್ಲದ್ದು ಹೇಳ್ರಿ ಮೇಡಂ, ನಮ್ಮ ಹಂತ್ಯಾಕ ಎರಡು ಕುರ್ಚಿ ಅದಾವು ನೋಡ್ರಿ" ಅನ್ನುತ್ತಾರೆ. ನಾನು ಜಾತಕ ಹೊಂದಿಸುವ ಭಟ್ಟರ ಹಾಗೆ ಊರಿಗೊಂದು ನಾಟಕ ಗಂಟು ಹಾಕುತ್ತೇನೆ. ಹೊಂದಿದರೆ ಹೂಮಾಲೆ ನಿರ್ದೇಶಕರಿಗೆ, ಹೊಂದದಿದ್ದರೆ ಬೈಗುಳ ನನಗೆ. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವಳಲ್ಲ. ತಲೆ ಕೆಟ್ಟಿದ್ದು ಅತ್ತಿಗೆಯ ನಾಟಕದಿಂದ.

ಅತ್ತಿಗೆ ಎಂದರೆ ಕೋಲಸಿರ್ಸಿಯಲ್ಲಿರುವ ನನ್ನ ಅಣ್ಣನ ಹೆಂಡತಿ. ಅರವತ್ತು ದಾಟಿದೆ. ಸಿದ್ದಾಪುರದ ಹೆಂಗಸರ ಸಂಘದವರು ವರ್ಷದ ಕಾರ್ಯಕ್ರಮಕ್ಕೆ ಒಬ್ಬರೇ ಆಡುವ ನಾಟಕ ಇಟ್ಟುಕೊಳ್ಳಬೇಕೆಂದು ಹೊರಟಾಗ, ಯಾರೂ ಕೇಳದೆಯೇ ಇವಳು ಒಪ್ಪಿಕೊಂಡುಬಿಟ್ಟಳಂತೆ. ನೇರ ನನ್ನ ಮನೆಗೆ ಬಂದಳು.

"ತಂಗಿ, ಆನೊಂದು ನಾಟ್ಕ ಮಾಡ್ತೆ. ಎಂತಾದ್ರೂ ಇದ್ದಾ ನಿನ್ನ ಹತ್ರ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಬಿಳಗಿಯಲ್ಲಿ ಅವಳ ಅಪ್ಪ ತಾಳಮದ್ದಳೆಯ ದೊಡ್ಡ ಅರ್ಥಧಾರಿ. ತಾಳಮದ್ದಳೆಯಲ್ಲಿ ಹಾಡು ಮಾತ್ರ ಪುಸ್ತಕದ್ದು. ಕೂತು ಆಡುವ ಮಾತೆಲ್ಲ ಅರ್ಥಧಾರಿಯದೇ, ಆ ಹೊತ್ತಿಗೆ ಬಾಯಿಗೆ ಬಂದದ್ದು. ಈ ಹುಡುಗಿ ಬಾಗಿಲ ಹಿಂದೆ ನಿಂತು ಅದನ್ನೆಲ್ಲ ಕೇಳಿ ಬೆಳೆದವಳು. ಬಾ, ನೀನೂ ಕೂರು ಎಂದು ಕರೆದವರಿಲ್ಲ.

ಮದುವೆಯಾದದ್ದು ನನ್ನ ಅಣ್ಣನನ್ನು. ಅಣ್ಣ ಚಿನ್ನದಂಥವನು, ಆದರೆ ಮಾತಿಗೆ ಬರ. ದಿನಕ್ಕೆ ನಾಲ್ಕು ಮಾತು: ಚಾ, ಊಟ, ಎಲೆಯಡಿಕೆಗೆ ಕವಳ, ಮಲಗ್ತೆ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಅವನ ಎದೆಯ ಆಪರೇಷನ್ ಆಯಿತು. ಹನ್ನೊಂದು ದಿನ ಅತ್ತಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದಳು. "ಗಂಡನ್ನ ಯಮನ ಬಾಯಿಂದ ಎಳ್ಕಂಡು ಬಂತು" ಎಂದು ಊರೆಲ್ಲ ಹೊಗಳಿತು. ಅಣ್ಣ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಅವಳು ಕೊಟ್ಟ ಮಾತ್ರೆಯನ್ನು ಪ್ರಸಾದದ ಹಾಗೆ ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಾನೆ.

ಇದೆಲ್ಲ ಗೊತ್ತಿದ್ದೂ ಮಹಾಬುದ್ಧಿವಂತೆ ನಾನು ಅವಳಿಗೆ ಆರಿಸಿಕೊಟ್ಟದ್ದು ಎಂಥ ನಾಟಕ? ಆಸ್ಪತ್ರೆಯ ವರಾಂಡದ್ದು! ಈಗಷ್ಟೇ ಬರೆಯತೊಡಗಿದ ಒಬ್ಬ ಹುಡುಗಿಯದು. ಒಳಗೆ ಗಂಡನ ಆಪರೇಷನ್, ಹೊರಗೆ ಹೆಂಡತಿ ಒಬ್ಬಳೇ. ನೆಲದ ಟೈಲ್ಸ್ ಎಣಿಸುತ್ತಾಳೆ, ಆಡಿದ ಜಗಳಕ್ಕೆ ಮರುಗುತ್ತಾಳೆ, ದೇವರಿಗೆ ಹರಕೆ ಹೊರುತ್ತಾಳೆ. ಗಂಡ ರಂಗದ ಮೇಲೆ ಬರುವುದೇ ಇಲ್ಲ. ಅತ್ತಿಗೆಗೆ ಅನುಭವವಿದೆ, ಸಲೀಸಾಗಿ ಮಾಡುತ್ತಾಳೆ ಅಂದುಕೊಂಡೆ. ನನ್ನ ಬುದ್ಧಿ ಆ ದಿನ ಎಲ್ಲಿ ಮೇಯಲು ಹೋಗಿತ್ತೋ. ಬರೆದ ಹುಡುಗಿ ಫೋನಿನಲ್ಲಿ ಒಪ್ಪಿಗೆ ಕೊಡುವಾಗ ಇಟ್ಟ ಷರತ್ತು ಒಂದೇ, ಮಾತು ಬದಲಿಸಬಾರದು. "ಒಂದಕ್ಷರ ಆಚೀಚೆ ಆಗುವುದಿಲ್ಲ" ಎಂದು ನಾನೇ ಭಾಷೆ ಕೊಟ್ಟೆ.

ಒಂದು ತಿಂಗಳು ಪುಸ್ತಕ ಅವಳ ಬಳಿ ಇತ್ತು. ಹೋದಾಗಲೆಲ್ಲ ಅದು ಫ್ರಿಜ್ಜಿನ ಮೇಲೆ, ಇಟ್ಟ ಜಾಗದಲ್ಲೇ ಇರುತ್ತಿತ್ತು. ಒಪ್ಪಿಸು ನೋಡುವಾ ಅಂದರೆ, "ಆ ದಿನ ಬಂದು ನೋಡು ಸಾಕು" ಅನ್ನುತ್ತಿದ್ದಳು. ಅರ್ಥಧಾರಿಯ ಮಗಳು ಪುಸ್ತಕವನ್ನು ಯಾವ ಕಣ್ಣಿನಿಂದ ನೋಡಿಯಾಳು ಎಂಬುದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಸಿದ್ದಾಪುರದ ಶಾಲೆಯೊಂದರ ಸಭಾಂಗಣ, ಮಧ್ಯಾಹ್ನ ಮೂರು ಗಂಟೆ. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಅವನ ಹಿಂದೆ, ನಾಟಕದ ಜೆರಾಕ್ಸ್ ಪ್ರತಿ ತೊಡೆಯ ಮೇಲಿಟ್ಟುಕೊಂಡು. ಮೊದಲ ಹತ್ತು ನಿಮಿಷ ಅಕ್ಷರ ತಪ್ಪಲಿಲ್ಲ. ಭಲೇ ಅತ್ತಿಗೆ ಅಂದುಕೊಂಡೆ. ಟೈಲ್ಸ್ ಎಣಿಸಿ ಮುಗಿಯಿತು. ಆಮೇಲೆ ನನಗೆ ಜಾಗವೇ ಸಿಗಲಿಲ್ಲ. ಒಂದು ಪುಟ ಹಿಂದೆ ಹೋದೆ, ಎರಡು ಪುಟ ಮುಂದೆ ಹೋದೆ. ಜೆರಾಕ್ಸಿನವನು ಹಾಳೆ ಬಿಟ್ಟನೇ ಎಂದು ಪುಟಸಂಖ್ಯೆ ನೋಡಿದೆ. ಎಲ್ಲ ಸರಿಯಿತ್ತು. ತಲೆಯೆತ್ತಿದರೆ ಅತ್ತಿಗೆ ಪುಸ್ತಕದ ಕನ್ನಡ ಬಿಟ್ಟು ಮನೆಮಾತಿಗೆ ಇಳಿದಿದ್ದಳು.

"ಹನ್ನೊಂದು ದಿನ ಯಾರೂ ಚಾ ಬೇಕು ಹೇಳಿದ್ವಿಲ್ಲೆ. ಬೆಂಚಿನ ಮೇಲೆ ಕಾಲು ಚಾಚಿ ಮಲಗಿದ್ದೆ. ಎಷ್ಟು ಚೊಲೋ ನಿದ್ದೆ! ಇವ್ರು ಒಳಗಿಂದ ಬರದೇ ಹೋದ್ರೆ ಹೇಂಗೆ ಹೇಳಿ ಒಂದ್ಸಲ ಮನಸಲ್ಲೇ ಯೋಚ್ನೆ ಮಾಡಿ ನೋಡಿದೆ." ಅಲ್ಲಿ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. "ಅಡ್ಡಿಲ್ಲೆ ಕಂಡ್ತು."

ಅಡ್ಡಿಲ್ಲೆ! ಪಾಯಸ ಹೇಗಿದೆ ಎಂದರೆ ಹೇಳುವ ಮಾತು, ಹೊಸ ಬಸ್ಸು ಹೇಗಿದೆ ಎಂದರೆ ಹೇಳುವ ಮಾತು.

"ಡಾಕ್ಟ್ರು ಬಂದು ಬಚಾವು ಅಂದ. ಖುಷಿ ಆತು, ಸುಳ್ಳೆಂತಕ್ಕೆ ಹೇಳವು? ಆದ್ರೆ ಮೊದ್ಲು ನೆನಪಾಗಿದ್ದು ಎಂತ ಗೊತ್ತಿದ್ದಾ? ಊರಿಗೆ ಹೋದ ಕೂಡ್ಲೆ ದೋಸೆಗೆ ಅಕ್ಕಿ ನೆನೆಸವು ಹೇಳಿ."

ಮೂಲೆಯಲ್ಲಿ ಒಬ್ಬ ಅಜ್ಜಿ ಕಿಸಕ್ಕನೆ ನಕ್ಕಳು. ಆಮೇಲೆ ಹೆಂಗಸರೆಲ್ಲ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಕಾಣುತ್ತಿದ್ದದ್ದು ಅಣ್ಣನ ಕುತ್ತಿಗೆಯ ಹಿಂಭಾಗ ಮಾತ್ರ. ಅದು ಅಲುಗಲಿಲ್ಲ.

ಹೊರಗೆ ನಲ್ಲಿಯ ಹತ್ತಿರ ಅವನೇ ನನ್ನನ್ನು ಹುಡುಕಿಕೊಂಡು ಬಂದ.

"ತಂಗಿ, ಆ ಮಾತು ಪುಸ್ತಕದಲ್ಲಿ ಇದ್ದಾ?"

ಇಲ್ಲ ಅಂದರೆ ಮೂವತ್ತೈದು ವರ್ಷದ ಸಂಸಾರದ ಮೇಲೆ ನಾನೇ ಕಲ್ಲು ಹಾಕಿದಂತೆ. ಇದೆ ಅಂದರೆ ಅತ್ತಿಗೆ ಆಯುಷ್ಯದಲ್ಲಿ ಒಮ್ಮೆ ಬಾಯಿಬಿಟ್ಟು ಆಡಿದ ಮಾತನ್ನು ಯಾರದೋ ಹೆಸರಿಗೆ ಬರೆದಂತೆ. ಯಾವುದು ಸರಿ? ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಬಾಯಿ ತಾನಾಗಿ "ಇದ್ದು" ಅಂದಿತು.

"ಹಂಗಾರೆ ಕೊಡು, ಓದ್ತೆ" ಎಂದು ನನ್ನ ಕೈಯಲ್ಲಿದ್ದ ಜೆರಾಕ್ಸನ್ನೇ ತೆಗೆದುಕೊಂಡ. ಪೇಪರಿನಲ್ಲಿ ಅಡಿಕೆ ಧಾರಣೆ ಬಿಟ್ಟು ಬೇರೇನನ್ನೂ ಓದದ ಮನುಷ್ಯ!

ನಾನು ಬಣ್ಣದ ಕೋಣೆಗೆ ಓಡಿದೆ. ಅತ್ತಿಗೆ ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣ ತೆಗೆಯುತ್ತಿದ್ದಳು.

"ಅತ್ಗೆ, ಅದೆಂತ ಹೇಳಿದ್ದು ನೀನು? ಖರೆನಾ ಅದು?"

"ಪಾತ್ರ ಹೇಳ್ಸಿತು, ಹೇಳಿದೆ."

"ಹಂಗಾರೆ ಸುಳ್ಳಾ?"

"ಅಪ್ಪ ಇವತ್ತು ಈ ಕಡೆ ವಾದ ಮಾಡಿರೆ ನಾಳೆ ಎದುರು ಕಡೆ ಮಾಡ್ತಿದ್ದ. ಯಾವ್ದು ಖರೆ ಹೇಳಿ ಅವನ್ನ ಯಾರೂ ಕೇಳಿದ್ವಿಲ್ಲೆ. ಯನ್ನ ಒಬ್ಳನ್ನೇ ಎಂತಕ್ಕೆ ಕೇಳ್ತೆ?" ಎಂದು ಎಣ್ಣೆಯ ಬಟ್ಟೆಯನ್ನು ಮಡಚಿಟ್ಟಳು.

ಆಮೇಲಿನ ಎರಡು ವಾರ ನನಗೆ ಊಟ ರುಚಿಸಲಿಲ್ಲ. ನಾಟಕ ಬರೆದ ಹುಡುಗಿ ಫೋನು ಮಾಡಿ ಹೇಗಾಯಿತು ಎಂದಳು. ಜನ ಬಹಳ ಮೆಚ್ಚಿದರು ಅಂದೆ, ಯಾವುದನ್ನು ಮೆಚ್ಚಿದರು ಎಂದು ಹೇಳಲಿಲ್ಲ. ಕೋಲಸಿರ್ಸಿಗೆ ಫೋನು ಮಾಡಿದರೆ ಅತ್ತಿಗೆ, "ಎಲ್ಲಾ ಅಡ್ಡಿಲ್ಲೆ" ಎನ್ನುತ್ತಿದ್ದಳು. ಆ ಮಾತು ಕೇಳಿದ ಕೂಡಲೇ ನಾನು ಫೋನು ಇಟ್ಟುಬಿಡುತ್ತಿದ್ದೆ. ಒಮ್ಮೆ ಅವಳೇ ಹೇಳಿದಳು: "ನಿನ್ನಣ್ಣ ಕಟ್ಟೆ ಮೇಲೆ ಕೂತ್ಕಂಡು ಎಂತದೋ ಓದ್ತಾ ಇದ್ದ, ಮೂರು ದಿನ ಆತು. ಕೇಳಿರೆ ಹೇಳ್ತ್ನಿಲ್ಲೆ."

ಕಡೆಗೆ ಅಣ್ಣ ಶಿರಸಿಗೆ ಬಂದವನು ನನ್ನ ಮನೆಗೂ ಬಂದ. ಜೆರಾಕ್ಸನ್ನು ಮೇಜಿನ ಮೇಲಿಟ್ಟ. ಪ್ರತಿ ಪುಟದ ಮೂಲೆಯಲ್ಲೂ ಪೆನ್ಸಿಲ್ಲಿನ ಸಣ್ಣ ಗೀಟು. ಓದಿದ ಪುಟಕ್ಕೆಲ್ಲ ಗುರುತು ಹಾಕಿದ್ದ. ಒಂದು ಪುಟವೂ ಬಿಟ್ಟಿರಲಿಲ್ಲ.

"ಓದಿದೆ" ಅಂದ. "ಇದ್ದು. ನೀ ಹೇಳಿದ್ದು ಖರೆ."

ನಾನು ಅವನ ಮುಖ ನೋಡಿದೆ. ಅವನು ಕಿಟಕಿ ನೋಡಿದ. ನಾನು ತಂದ ಚಾ ಕುಡಿದ. ಲೋಟವನ್ನು ತಾನೇ ಒಳಗೆ ಒಯ್ದು ತೊಳೆದಿಟ್ಟು ಬಂದ. ಅವನು ಲೋಟ ತೊಳೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅದಕ್ಕೆ ಇನ್ನೊಂದು ನಾಟ್ಕ ಹುಡ್ಕು ತಂಗಿ" ಅಂದ. ಅದು ಎಂದರೆ ಅವನ ಹೆಂಡತಿ. "ಗಂಡಂಗೂ ಎರಡು ಮಾತು ಇಪ್ಪಂಥದು."

"ಗಂಡನ ಪಾತ್ರ ಯಾರು ಮಾಡ್ತ ಅಣ್ಣಾ?"

"ನೀ ಪುಸ್ತಕ ಹುಡ್ಕು ಮೊದ್ಲು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮೂರು ವಾರದಿಂದ ಕಪಾಟಿನ ಎದುರು ನಿಲ್ಲುತ್ತಿದ್ದೇನೆ. ಒಂದೊಂದೇ ತೆಗೆದು ನೋಡುತ್ತೇನೆ, ಇಡುತ್ತೇನೆ. ಎಲ್ಲ ನಾಟಕಗಳಲ್ಲೂ ಗಂಡಂದಿರು ಪುಟಗಟ್ಟಲೆ ಮಾತಾಡುತ್ತಾರೆ. ಎರಡೇ ಮಾತಿನವನು ಇನ್ನೂ ಸಿಕ್ಕಿಲ್ಲ.