ಎಸೆಯುವ ಕೈಗೆ ರಜೆ

"ಅತ್ತೆ, ಒಂದು ಸ್ಪ್ರೇ ಕೊಡು. ಕ್ರಿಕೆಟ್‌ನಲ್ಲಿ ಬಿದ್ದವರಿಗೆ ಬುಸ್ ಅಂತ ಹೊಡೀತಾರಲ್ಲ, ಅದು."

ಕೇಳಿದ್ದು ನನ್ನ ತಮ್ಮನ ಮಗ ಅನೂಪ. ಏಳನೇ ಕ್ಲಾಸು. ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇರುವುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತು. (ಗೊತ್ತಿಲ್ಲದವರು ಕೆಮ್ಮು ಬಂದಾಗ ಬನ್ನಿ, ಪರಿಚಯ ಮಾಡಿಕೊಳ್ಳೋಣ.) ಶಾಲೆ ಬಿಟ್ಟ ಮೇಲೆ ಅನೂಪ ಅಂಗಡಿಗೆ ಬರುವುದು ಹೊಸತೇನಲ್ಲ. ಬರುತ್ತಾನೆ, ಡಬ್ಬದಿಂದ ಪೆಪ್ಪರ್‌ಮಿಂಟ್ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ, ಹೋಗುತ್ತಾನೆ. ಅವತ್ತು ಪೆಪ್ಪರ್‌ಮಿಂಟನ್ನು ಎಡಗೈಯಲ್ಲಿ ತೆಗೆದ.

"ಯಾರಿಗೋ ಸ್ಪ್ರೇ?"

"ಟೀಮಿಗೆ."

"ಟೀಮಿಗೆ ಎಲ್ಲಿ ನೋವು?"

ಅವನ ಬಲಗೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು. ದಿನವಿಡೀ ಕೌಂಟರ್ ಹಿಂದೆ ನಿಂತವಳಿಗೆ ನೋವು ಮುಚ್ಚಿಡುವ ಮುಖ ಗೊತ್ತಾಗುವುದಿಲ್ಲವೇ? ಆ ಕೈಯನ್ನು ಎಳೆದುಕೊಂಡು ಮೊಣಕೈ ಹತ್ತಿರ ಸ್ವಲ್ಪ ಒತ್ತಿದೆ. "ಅಯ್ಯಮ್ಮ!" ಎಂದ. ಕಣ್ಣಲ್ಲಿ ನೀರು. ಆಮೇಲೆ ಒಂದೇ ಉಸಿರಿಗೆ, "ಅಪ್ಪಂಗೆ ಹೇಳ್ಬೇಡ ಅತ್ತೆ, ಮೇಷ್ಟ್ರಿಗೂ ಹೇಳ್ಬೇಡ. ಮುಂದಿನ ಶನಿವಾರ ಎನ್.ಆರ್. ಪುರದಲ್ಲಿ ಮ್ಯಾಚ್ ಉಂಟು. ಗೊತ್ತಾದ್ರೆ ಆಡಕ್ಕೆ ಬಿಡಲ್ಲ" ಎಂದ.

ಯಾವ ಮ್ಯಾಚು? ಬೇಸ್‌ಬಾಲ್!

ಕೊಪ್ಪದಲ್ಲಿ ಬೇಸ್‌ಬಾಲಾ ಅಂತ ನೀವು ನಗಬಹುದು. ನಾನೂ ನಕ್ಕಿದ್ದೆ. ಅನೂಪನ ಶಾಲೆಗೆ ಹೊಸದಾಗಿ ಬಂದ ಪಿ.ಟಿ. ಮೇಷ್ಟ್ರು, ಹೆಸರು ಶೇಖರ, ಕಾಲೇಜಿನಲ್ಲಿದ್ದಾಗ ಆ ಆಟ ಆಡಿದವರಂತೆ. ಬರುವಾಗ ಒಂದು ಗೋಣಿಚೀಲದಲ್ಲಿ ಹಳೇ ಗ್ಲೌಸು, ಎರಡು ಬ್ಯಾಟು, ಹೊಲಿಗೆ ಬಿಟ್ಟ ಬಾಲು ತಂದಿದ್ದರು. ಸೈಬರ್ ಸೆಂಟರ್‌ನಲ್ಲಿ ಕೂತು ಅಮೆರಿಕದವರು ಮಕ್ಕಳಿಗೆ ಹೇಗೆ ಕಲಿಸುತ್ತಾರೆ ಎಂದು ಓದುತ್ತಾರೆ ಎಂಬ ಸುದ್ದಿಯೂ ಇತ್ತು. (ನಮ್ಮೂರಲ್ಲಿ ಸೈಬರ್ ಸೆಂಟರ್‌ಗೆ ಯಾರು ಏನು ನೋಡಲು ಹೋಗುತ್ತಾರೆ ಎಂಬುದೂ ಸುದ್ದಿಯೇ.)

ನನಗೆ ತಿಳಿದಷ್ಟು ಹೇಳುತ್ತೇನೆ. ಒಬ್ಬ ಬೀಸಿ ಬಾಲ್ ಎಸೆಯುತ್ತಾನೆ, ಅವನು ಪಿಚರ್. ಇನ್ನೊಬ್ಬ ದೊಣ್ಣೆಯಂಥ ಬ್ಯಾಟಿನಿಂದ ಬಾರಿಸುತ್ತಾನೆ. ಬಾರಿಸಿದವನು ಮೈದಾನದ ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್ನು. ಎಸೆಯುವವನ ಕೈಯಲ್ಲೇ ಅರ್ಧ ಆಟ. ಮಾವಿನಕಾಯಿಗೆ ಕಲ್ಲು ಹೊಡೆದು ಬೆಳೆದ ಮಕ್ಕಳಿಗೆ ಎಸೆಯುವುದನ್ನು ಯಾರು ಕಲಿಸಬೇಕು? ಅದರಲ್ಲೂ ಅನೂಪ ಎಸೆದರೆ ಗ್ಲೌಸಿಗೆ ಬಾಲು ಬಡಿದ ಸದ್ದು ರಸ್ತೆಗೆ ಕೇಳುತ್ತದೆ. ಅವನ ಕೈಯ ಸುದ್ದಿ ಶೃಂಗೇರಿವರೆಗೆ ಹೋಗಿತ್ತು.

ಈಗ ಆ ಕೈ ಪೆಪ್ಪರ್‌ಮಿಂಟ್ ಎತ್ತುತ್ತಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮಕ್ಕಳನ್ನು ಕತ್ತೆ ಹಾಗೆ ದುಡಿಸುವುದೇ? ಮಾರನೇ ದಿನ ಸಂಜೆ, ಶಾಲೆಯ ಮಕ್ಕಳು ಆಡುವ ಬಾಳಗಡಿಯ ಮೈದಾನಕ್ಕೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ನಡೆದಿದ್ದೆ.

ಹೋಗಿ ನೋಡಿದರೆ ಏನು? ಅಲ್ಲಿ ಬೇಸ್‌ಬಾಲೇ ಇಲ್ಲ! ಸಣ್ಣ ಮಕ್ಕಳು ಲಗೋರಿ ಆಡುತ್ತಿದ್ದಾರೆ. ಆರು, ಏಳನೇ ಕ್ಲಾಸಿನವರು ಮರಕೋತಿ ಆಡುತ್ತಾ ಕೊಂಬೆಯಿಂದ ಧುಮುಕುತ್ತಿದ್ದಾರೆ. ಹೈಸ್ಕೂಲಿನವರು ಮಾತ್ರ ಒಂದು ಮೂಲೆಯಲ್ಲಿ ಗ್ಲೌಸು ಹಾಕಿಕೊಂಡಿದ್ದಾರೆ. ಶೇಖರ ಮೇಷ್ಟ್ರು ಸೀಟಿ ಕಚ್ಚಿಕೊಂಡು ಲಗೋರಿಯ ಬಿಲ್ಲೆ ಜೋಡಿಸಿಕೊಡುತ್ತಿದ್ದಾರೆ.

"ಎಂತ ಮೇಷ್ಟ್ರೇ, ಇದು ಬೇಸ್‌ಬಾಲಾ?"

"ಇದೂ ಬೇಸ್‌ಬಾಲೇ ಮೇಡಂ" ಎಂದರು, ನಗದೇ.

ಬೈಗುಳ ಅಲ್ಲೇ ಉಳಿಯಿತು, ಕುತೂಹಲ ಮುಂದೆ ಬಂತು. (ನನ್ನ ಹಣೆಬರಹವೇ ಅಷ್ಟು.) ಅದು ಹೇಗೆ ಎಂದು ಕೇಳಿದೆ. ಮೇಷ್ಟ್ರು ಹೇಳಿದರು: ಐದನೇ ಕ್ಲಾಸಿನವರೆಗೆ ಮಕ್ಕಳು ಓಡಬೇಕು, ಹತ್ತಬೇಕು, ಬೀಳಬೇಕು, ಏನೇ ಎಸೆದರೂ ಹಿಡಿಯಬೇಕು. ಅಷ್ಟೇ. ಆರು, ಏಳರಲ್ಲಿ ಎಲ್ಲರೂ ಎಲ್ಲ ಜಾಗದಲ್ಲೂ ನಿಲ್ಲಬೇಕು. ಇವನು ಪಿಚರ್, ಇವನು ಬ್ಯಾಟು ಮಾಡುವವನು ಅಂತ ಮೂಗುದಾರ ಹಾಕುವ ಹಾಗಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಯಾರಿಗೆ ಯಾವುದು ಒಗ್ಗುತ್ತದೆ ನೋಡಬೇಕು. ಕೈ ತಿರುಚಿ ಬಾಲನ್ನು ಬಾಗಿಸುವ ವಿದ್ಯೆ ಹತ್ತನೇ ಕ್ಲಾಸಿನ ಹೊತ್ತಿಗೆ. ಮತ್ತೆ ಒಂದು ದಿನ ಎಸೆದ ಕೈಗೆ ಕೆಲವು ದಿನ ಕಡ್ಡಾಯ ರಜೆ.

ಕೈಗೆ ರಜೆ! ಕೇಳಿದ್ದೀರಾ ಎಲ್ಲಾದರೂ?

"ನನಗೆ ಆಸೆ ಇಲ್ವಾ ಮೇಡಂ? ನಿಮ್ಮ ಅನೂಪನ್ನ ಪ್ರತಿ ಮ್ಯಾಚಿಗೂ ನಿಲ್ಸಿದ್ರೆ ಈ ವರ್ಷ ಕಪ್ಪು ನಮ್ದೇ. ಆದ್ರೆ ಅವ್ನು ಎಸ್ಸೆಸ್ಸೆಲ್ಸಿಗೆ ಬರೋ ಹೊತ್ತಿಗೆ ಕೈ ಇರಬೇಕಲ್ಲ?"

"ಕೈ ಈಗ್ಲೇ ಇಲ್ಲ ಮೇಷ್ಟ್ರೇ" ಎಂದು ನೋವಿನ ವಿಷಯ ಹೇಳಿಯೇ ಬಿಟ್ಟೆ. (ಹುಡುಗ ಹೇಳಬೇಡ ಅಂದಿದ್ದ, ಹೌದು. ಕೆಲವು ಮಾತು ಉಳಿಸಿಕೊಳ್ಳಬಾರದು.)

ಅವರ ಮುಖ ಸಪ್ಪಗಾಯಿತು. "ನೋವಾ? ನಂಗೆ ಹೇಳ್ಲೇ ಇಲ್ಲ. ನಾನು ಅವ್ನಿಗೆ ಈ ತಿಂಗಳಲ್ಲಿ ಪಿಚಿಂಗೇ ಕೊಟ್ಟಿಲ್ಲ ಮೇಡಂ. ಯಾಕೆ ಕೊಡಲ್ಲ ಅಂತ ನಿಮ್ಮ ತಮ್ಮ ಬಂದು ಜಗಳ ಮಾಡಿ ಹೋಗಿದ್ದಾರೆ."

ಎಸೆಯದ ಕೈ ನೋಯುವುದು ಹೇಗೆ? ರಾತ್ರಿ ಊಟ ಮಾಡುವಾಗಲೂ ನನ್ನ ತಲೆಯಲ್ಲಿ ಇದೇ. ಭಾನುವಾರ ಅಂಗಡಿಗೆ ಅರ್ಧ ದಿನ ರಜೆ. ಬೆಳಿಗ್ಗೆಯೇ ತಮ್ಮನ ಮನೆಗೆ ಹೊರಟೆ. ಬಾಳಗಡಿ ದಾಟಿ ಸ್ವಲ್ಪ ಒಳಗೆ ಹೋಗಬೇಕು.

ಗೇಟಿನ ಹತ್ತಿರವೇ ತಮ್ಮ ನಾಗೇಶನ ದನಿ ಕೇಳಿತು. "ಆ ಕಡೆ! ಹಲಸಿನ ಮರ, ಮೇಲಿನ ಕೊಂಬೆ! ಹೊಡಿ ಮಗನೇ, ಹೊಡಿ!"

ಅಂಗಳದ ತುದಿಯಲ್ಲಿ ಅನೂಪ. ಕಾಲ ಹತ್ತಿರ ಕಲ್ಲಿನ ರಾಶಿ. ಎದುರಿಗೆ ಬಾಳೆ, ಹಲಸು, ಅದರ ಮೇಲೆ ಮಂಗಗಳ ಇಡೀ ಸಂಸಾರ. ಹುಡುಗ ಹಲ್ಲು ಕಚ್ಚಿಕೊಂಡು ಬೀಸಿ ಹೊಡೆಯುತ್ತಿದ್ದಾನೆ. ಕಲ್ಲು ಸುಂಯ್ ಎಂದು ಹೋಗುತ್ತದೆ, ಮಂಗ ಪಕ್ಕದ ಕೊಂಬೆಗೆ ಹಾರುತ್ತದೆ. ನಾಗೇಶ ಸೊಂಟಕ್ಕೆ ಕೈ ಕೊಟ್ಟು ನಿಂತು ಬೀಗುತ್ತಿದ್ದಾನೆ.

"ನೋಡಕ್ಕ, ಎಂಥಾ ಕೈ! ಆ ಮೇಷ್ಟ್ರು ಪ್ರಾಕ್ಟೀಸ್ ಕೊಡದಿದ್ರೆ ಎಂತ ಆಯ್ತು? ನಾನು ಕೊಡ್ತೀನಿ. ಬೆಳಿಗ್ಗೆ ಶಾಲೆಗೆ ಹೋಗೋ ತನಕ, ಸಂಜೆ ಬಂದ ಮೇಲೆ ಕತ್ತಲಾಗೋ ತನಕ. ಪ್ರಾಕ್ಟೀಸೂ ಆಯ್ತು, ಮಂಗನೂ ಓಡ್ತು!"

ಕಲ್ಲುಗಳನ್ನು ನೋಡಿದೆ. ಎಲ್ಲ ಗುಂಡಗೆ, ಎಲ್ಲ ಒಂದೇ ಅಳತೆ. ಹಳ್ಳಕ್ಕೆ ಹೋಗಿ ಬೇಸ್‌ಬಾಲ್ ಗಾತ್ರದ್ದನ್ನೇ ಆರಿಸಿ ಹೊತ್ತು ತಂದಿದ್ದಾನೆ ಮಹಾರಾಯ! ಒಂದನ್ನು ಎತ್ತಿ ನೋಡಿದೆ. ಬಾಲಿಗಿಂತ ಎಷ್ಟೋ ಭಾರ. ಸಾಲದ್ದಕ್ಕೆ ಹುಡುಗನ ಗುರಿಯ ಸುದ್ದಿ ಕೇಳಿ ಅಕ್ಕಪಕ್ಕದ ಮನೆಯವರೂ ಕರೆಯುತ್ತಾರಂತೆ. "ನಮ್ಮಲ್ಲಿಗೂ ಒಂದು ಗಳಿಗೆ ಬಂದು ಹೋಗು ಮಾರಾಯ." ಹೋಗಿ ಹೊಡೆದು ಬಂದರೆ ಹಪ್ಪಳ, ಬೆಲ್ಲ.

ಮಂಗ ಕಾಯುವುದು ನಮ್ಮ ಕಡೆ ಮಕ್ಕಳ ಕೆಲಸ. ನಾನೂ ಕಾದವಳೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನೇ ಕೋಚಿಂಗ್ ಮಾಡಿದವನು ಪ್ರಪಂಚದಲ್ಲಿ ನಮ್ಮ ನಾಗೇಶ ಒಬ್ಬನೇ ಇರಬೇಕು. ಮೈದಾನದಲ್ಲಿ ಕೈಗೆ ರಜೆ, ಮನೆಯಲ್ಲಿ ಓವರ್‌ಟೈಮ್!

"ಕೈ ಎತ್ತು ನೋಡುವ" ಎಂದೆ ಅನೂಪನಿಗೆ. ಕೈ ಪೂರ್ತಿ ನೇರ ಆಗಲಿಲ್ಲ.

"ನೋವಿತ್ತಾ? ಹೇಳ್ಲೇ ಇಲ್ವಲ್ಲೋ" ಎಂದ ನಾಗೇಶ. ಎಲ್ಲರದೂ ಇದೇ ಮಾತು. ಹೇಳಿದರೆ ಏನಾಗುತ್ತದೆ ಎಂಬುದು ಮಗುವಿಗೆ ಚೆನ್ನಾಗಿ ಗೊತ್ತಿರುವಾಗ ಅದು ಯಾಕೆ ಹೇಳುತ್ತದೆ? ಹೇಳಿದರೆ ಮೇಷ್ಟ್ರು ಕೂರಿಸುತ್ತಾರೆ, ಅಪ್ಪನ ಮುಖ ಬಾಡುತ್ತದೆ. ಸ್ಪ್ರೇ ಹೊಡೆದುಕೊಂಡರೆ ಎಲ್ಲರಿಗೂ ಖುಷಿ.

ಆದರೂ ನನ್ನ ತಮ್ಮ ಸುಲಭಕ್ಕೆ ಬಗ್ಗುವವನಲ್ಲ. "ಶನಿವಾರ ಒಂದು ದಿನ ಎಸೀಲಿ ಅಕ್ಕ. ಶೃಂಗೇರಿ, ಎನ್.ಆರ್. ಪುರದ ಟೀಮೆಲ್ಲ ಬರ್ತಾವೆ. ಅಲ್ಲೇ ಜಿಲ್ಲೆಗೆ ಆರಿಸ್ತಾರೆ. ಆಮೇಲೆ ಎಷ್ಟು ಬೇಕಾದ್ರೂ ರೆಸ್ಟ್ ಮಾಡ್ಲಿ. ಸ್ಪೋರ್ಟ್ಸ್ ಕೋಟಾದಲ್ಲಿ ನಾಳೆ ಇಂಜಿನಿಯರಿಂಗ್ ಸೀಟು..."

ಏಳನೇ ಕ್ಲಾಸಿಗೆ ಇಂಜಿನಿಯರಿಂಗ್ ಸೀಟು! ಹುಡುಗನಿಗೆ ಇನ್ನೂ ಮೀಸೆ ಬಂದಿಲ್ಲ.

ಅಷ್ಟರಲ್ಲಿ ಒಳಗಿಂದ ವಾರಿಜ, ನಾಗೇಶನ ಹೆಂಡತಿ, ಕೈ ಒರೆಸಿಕೊಳ್ಳುತ್ತಾ ಬಂದಳು. ಗಂಡನ ಎದುರು ಹೆಚ್ಚು ಮಾತಾಡುವವಳಲ್ಲ. ಅವತ್ತು ಆಡಿದಳು. "ಹೊಸ ಕಾಫಿ ಗಿಡ ಎಳೇದ್ರಲ್ಲೇ ಹೂ ಬಿಟ್ರೆ ನೀವೇ ಹೋಗಿ ಕಿತ್ತು ಹಾಕ್ತೀರಿ. ಯಾಕೆ ಅಂದ್ರೆ, ಈಗ್ಲೇ ಫಸಲು ಹೊತ್ರೆ ಗಿಡ ಸೋಲ್ತದೆ ಅಂತೀರಿ. ಇವನೆಂತ, ಗಿಡಕ್ಕಿಂತ ಕಡೆಯಾ?"

ನಾಗೇಶ ಚಪ್ಪಲಿ ಮೆಟ್ಟಿಕೊಂಡು ಗದ್ದೆ ಕಡೆ ಹೋದ. ಅದು ಒಪ್ಪಿಗೆಯೋ ಸಿಟ್ಟೋ ನನಗೆ ಗೊತ್ತಾಗಲಿಲ್ಲ.

ಯೋಚಿಸಿ ನೋಡಿ, ಇದು ನಾಗೇಶನೊಬ್ಬನ ಕಾಯಿಲೆಯೇ? ಯುಕೆಜಿ ಮಗು ಸ್ಟೇಜಿನ ಮೇಲೆ ಮೈಕು ಹಿಡಿದು ಅಳುತ್ತಾ ಹಾಡುತ್ತದೆ, ಕೆಳಗೆ ಅಮ್ಮ ಸಾಹಿತ್ಯ ಹೇಳಿಕೊಡುತ್ತಾಳೆ. ಗೆಜ್ಜೆ ಕಟ್ಟಿದ ವರ್ಷವೇ ರಂಗಪ್ರವೇಶಕ್ಕೆ ದಿನ ಹುಡುಕುತ್ತೇವೆ. ನನ್ನ ಅಂಗಡಿಗೆ ಬಂದು ನೆನಪಿನ ಶಕ್ತಿಗೆ ಟಾನಿಕ್ ಕೇಳುವವರ ಮಕ್ಕಳಿಗೆ ಮರೆಯುವಂಥ ವಯಸ್ಸೇ ಆಗಿರುವುದಿಲ್ಲ! ಗಿಡ ನೆಟ್ಟ ಮಾರನೇ ದಿನ ಬೇರು ಕಿತ್ತು ನೋಡುವ ಜನ ನಾವು.

ಮಂಗಳವಾರ ಮೂಳೆ ಡಾಕ್ಟರು ಊರಿಗೆ ಬರುವ ದಿನ. ನಾಗೇಶ, ವಾರಿಜ, ಅನೂಪ, ನಾನು, ನಾಲ್ವರೂ ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇದು ಬೆಳೆಯೋ ಮೂಳೆ. ತುದಿ ಇನ್ನೂ ಗಟ್ಟಿ ಆಗಿಲ್ಲ. ನಾನು ಹೇಳೋವರೆಗೆ ಈ ಕೈ ಏನನ್ನೂ ಎಸೀಬಾರದು. ಎಸೆದ್ರೆ ಮೊಣಕೈ ಶಾಶ್ವತವಾಗಿ ಸೊಟ್ಟ ಉಳಿಬಹುದು" ಎಂದರು. ನನ್ನ ಅಂಗಡಿಯ ಕ್ರೇಪ್ ಬ್ಯಾಂಡೇಜನ್ನೇ ಸುತ್ತಿಸಿಕೊಂಡು ಬಂದೆವು. ನಾಗೇಶ ಎಕ್ಸ್‌ರೇ ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದ.

(ಆ ವಾರ ಮಂಗಗಳ ಗತಿ ಏನಾಯಿತು ಎಂದು ಕೇಳುತ್ತೀರಿ. ನಾಗೇಶನೇ ತಗಡಿನ ಡಬ್ಬ ಬಡಿಯುತ್ತಾ ತಿರುಗಿದ. ಮಂಗಗಳು ತಾಳ ಕೇಳುತ್ತಾ ಬಾಳೆಹಣ್ಣು ತಿಂದವಂತೆ.)

ಶನಿವಾರ ಅಂಗಡಿ ಬಾಗಿಲು ಹಾಕಿ ನಾನೂ ಎನ್.ಆರ್. ಪುರದ ಬಸ್ ಹತ್ತಿದೆ. ನಮ್ಮ ಕೊಪ್ಪಕ್ಕೂ ಶೃಂಗೇರಿಗೂ ಪಂದ್ಯ. ಅನೂಪನ ಬದಲು ಎಂಟನೇ ಕ್ಲಾಸಿನ ಒಬ್ಬ ಸಣಕಲ ಎಸೆಯುತ್ತಿದ್ದ. ಪಾಪ, ಬಾಲು ಅವನ ಮಾತು ಕೇಳುತ್ತಿರಲಿಲ್ಲ. ನಾಲ್ಕು ಬಾಲು ಆಚೀಚೆ ಹೋದರೆ ಎದುರಿನವನು ಬ್ಯಾಟು ಬಿಸಾಕಿ ಸುಮ್ಮನೆ ಮೊದಲ ಮೂಲೆಗೆ ನಡೆದು ಹೋಗಬಹುದಂತೆ. ಶೃಂಗೇರಿಯ ಹುಡುಗರು ಮದುವೆಗೆ ಹೊರಟವರ ಹಾಗೆ ಒಬ್ಬೊಬ್ಬರಾಗಿ ನಡೆದೇ ಹೋದರು. ಅನೂಪ ಬೆಂಚಿನಲ್ಲಿ ಬ್ಯಾಂಡೇಜು ಕೈ ಮಡಿಲಲ್ಲಿ ಇಟ್ಟುಕೊಂಡು ಒದ್ದಾಡುತ್ತಿದ್ದ. ಅವನ ಪಕ್ಕದಲ್ಲಿ ಅವನಿಗಿಂತ ಹೆಚ್ಚು ಒದ್ದಾಡುತ್ತಿದ್ದವನು ನಾಗೇಶ.

ಆಟ ಇನ್ನೇನು ಮುಗಿಯಬೇಕು. ಆಯ್ಕೆ ಮಾಡಲು ಬಂದಿದ್ದ ಟೋಪಿಯ ಮನುಷ್ಯ ನಮ್ಮ ಬೆಂಚಿನ ಹತ್ತಿರ ಬಂದರು. "ಜೋರಾಗಿ ಎಸೀತಾನಂತಲ್ಲ, ಆ ಹುಡುಗ ಯಾರು? ಎರಡೇ ಬಾಲ್ ಎಸೆದು ತೋರಿಸ್ಲಿ. ನೋಡಿ ಹೆಸರು ಬರ್ಕೊಂಡು ಹೋಗ್ತೀನಿ."

ಮೇಷ್ಟ್ರು ಅಡ್ಡ ನಿಂತರು. "ಆಗಲ್ಲ ಸಾರ್. ಕೈಗೆ ಏಟಾಗಿದೆ."

"ಎರಡು ಬಾಲಿಗೆ ಎಂತ ಆಗ್ತದೆ ಮೇಷ್ಟ್ರೇ? ಅವರ ಮನೆಯವರು ಬಂದಿದ್ದಾರಾ? ಅವರೇ ಹೇಳ್ಲಿ."

ಎಲ್ಲರೂ ನಾಗೇಶನನ್ನು ನೋಡಿದರು. ನಾನು ದೇವರನ್ನು ನೆನೆದೆ. ನನ್ನ ತಮ್ಮನನ್ನು ನಾನು ಬಲ್ಲೆ. ಇಷ್ಟು ದಿನ ಅವನು ಕಾದದ್ದೇ ಈ ಒಂದು ಮಾತಿಗೆ. ಅನೂಪ ಆಗಲೇ ಎದ್ದು ನಿಂತಿದ್ದ. ಬ್ಯಾಂಡೇಜಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಸರಸರ ಬಿಚ್ಚುತ್ತಿದ್ದ. ನೋವಿಗೆ ಹಣೆ ಗಂಟಾಗಿತ್ತು, ಬಾಯಿ ಮಾತ್ರ ಅಪ್ಪನನ್ನು ನೋಡಿ ನಗುತ್ತಿತ್ತು.

ನಾಗೇಶ ಆ ನಗುವನ್ನು ನೋಡಿದ. ಹೋಗಿ ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಿಚ್ಚಿದಷ್ಟನ್ನೂ ಮತ್ತೆ ಸುತ್ತಿದ.

"ಅಪ್ಪ, ಎರಡೇ ಬಾಲು" ಎಂದ ಅನೂಪ.

"ಎರಡೂ ಬೇಡ. ಒಂದೂ ಬೇಡ." ಆಮೇಲೆ ಟೋಪಿಯವರ ಕಡೆ ತಿರುಗಿ, "ಇವತ್ತು ಇಲ್ಲ ಸಾರ್. ಮಗುಗೆ ಕೈ ನೋವು" ಎಂದ.

ಅವರು ಭುಜ ಕುಣಿಸಿ ಬೇರೆ ಬೆಂಚಿನ ಕಡೆ ಹೋದರು. ನಾವು ಸೋತೆವು, ಹೀನಾಯವಾಗಿ. ಅನೂಪ ಬಿಕ್ಕಿ ಬಿಕ್ಕಿ ಅತ್ತ. ಸತ್ಯ ಹೇಳುತ್ತೇನೆ, ನನಗೂ ಅಳು ಬಂತು. ತಮ್ಮನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆ ಯಾವತ್ತೂ ಬಂದಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಧ ದಾರಿಗೆ ಅನೂಪ ಅಪ್ಪನ ತೋಳಿಗೆ ಒರಗಿ ನಿದ್ದೆ ಹೋದ. ನಾಗೇಶ ಅಲ್ಲಾಡದೆ ಕೂತು, ಮುಂದಿನ ಸೀಟಿನಲ್ಲಿದ್ದ ಶೇಖರ ಮೇಷ್ಟ್ರನ್ನು ಮೆಲ್ಲಗೆ ಕೇಳಿದ. "ಹತ್ತನೇ ಕ್ಲಾಸಿಗೆ ಇನ್ನೂ ವರ್ಷಗಟ್ಟಲೆ ಉಂಟಲ್ಲ ಮೇಷ್ಟ್ರೇ. ಅಲ್ಲಿ ತನಕ ಇವನ ಕೈಲಿ ಎಂತ ಮಾಡ್ಸೋದು?"

"ಆಟ ಆಡ್ಲಿ ಬಿಡಿ" ಎಂದರು ಮೇಷ್ಟ್ರು.

ನಾಗೇಶ ಉಳಿದ ಉತ್ತರಕ್ಕೆ ಕಾದ. ಉಳಿದದ್ದು ಇರಲಿಲ್ಲ.

ನಿಮ್ಮ ಮಗು ಕ್ಲಾಸಿಗೆ ಹೋಗುತ್ತದೆ, ಕೋಚಿಂಗ್‌ಗೆ ಹೋಗುತ್ತದೆ, ಸೆಲೆಕ್ಷನ್‌ಗೂ ಹೋಗುತ್ತದೆ. ಆಟಕ್ಕೆ ಯಾವಾಗ ಹೋಗುತ್ತದೆ?